ಹೆಲ್ಮೆಟ್ ಒಳಗೆ ಏನಿದೆ? ತಲೆಗೆ, ಮೈಗೆ ಯಾವುದು ಸರಿ?

ಸ್ಕೂಟರ್ ನಿಂತೇ ಇದೆ ಅಂತ ಇಟ್ಟುಕೊಳ್ಳಿ. ಸಿಗ್ನಲ್‌ನಲ್ಲಿ ಕಾಲು ಊರಲು ಹೋದಿರಿ, ಮರಳಿನ ಮೇಲೆ ಚಪ್ಪಲಿ ಜಾರಿತು, ಗಾಡಿ ಸಮೇತ ಪಕ್ಕಕ್ಕೆ ಬಿದ್ದಿರಿ. ಗಾಡಿಯ ವೇಗ ಸೊನ್ನೆ. ಆದರೂ ಒಂದೂವರೆ ಮೀಟರ್ ಎತ್ತರದಿಂದ ಕೆಳಗೆ ಬಂದ ತಲೆ ನೆಲಕ್ಕೆ ಬಡಿಯುವ ಹೊತ್ತಿಗೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿರುತ್ತದೆ. "ಇಲ್ಲೇ ಅಂಗಡಿಗೆ ತಾನೇ" ಅಂತ ಹೊರಟವರಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಆ ವೇಗ ಎಷ್ಟು ದೂರದಲ್ಲಿ ಸೊನ್ನೆಗೆ ಇಳಿಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಬರಿದಲೆಯಾದರೆ ಚರ್ಮ ಅಷ್ಟಿಷ್ಟು ಒತ್ತಿ, ಎರಡು ಮೂರು ಮಿಲಿಮೀಟರ್‌ನಲ್ಲಿ ಎಲ್ಲ ಮುಗಿಯುತ್ತದೆ. ಲೆಕ್ಕ ಹಾಕಿದರೆ ತಲೆಯ ಮೇಲಿನ ಏಟು ಗುರುತ್ವದ ಸುಮಾರು 500 ಪಟ್ಟು. ಅದೇ ತಲೆ 25 ಮಿ.ಮೀ. ದೂರದಲ್ಲಿ ನಿಂತರೆ ಏಟು 60 ಪಟ್ಟಿಗೆ ಇಳಿಯುತ್ತದೆ. ಜೋರಾಗಿ ಬಂದ ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ ಅಲ್ವಾ, ಲೆಕ್ಕ ಅದೇ. ಹೆಲ್ಮೆಟ್ ಮಾಡುವ ಮುಖ್ಯ ಕೆಲಸ ಇಷ್ಟೇ: ತಲೆ ನಿಲ್ಲಲು ಎರಡು ಮೂರು ಸೆಂಟಿಮೀಟರ್ ಜಾಗ ಕೊಡುವುದು.

ಆ ಜಾಗ ಕೊಡುವುದು ಹೊರಗಿನ ಗಟ್ಟಿ ಚಿಪ್ಪಲ್ಲ. ಒಳಗಿರುವ ಕಪ್ಪು ಅಥವಾ ಬಿಳಿ ಥರ್ಮೋಕೋಲ್. ಹೌದು, ಟಿವಿ ಡಬ್ಬದಲ್ಲಿ ಬರುತ್ತದಲ್ಲ, ಅದೇ ಜಾತಿಯ ವಸ್ತು. ಹೆಲ್ಮೆಟ್‌ನವರು ಇಪಿಎಸ್ ಅನ್ನುತ್ತಾರೆ, ಇನ್ನೂ ದಟ್ಟವಾಗಿ ಮಾಡಿರುತ್ತಾರೆ. ಏಟು ಬಿದ್ದಾಗ ಅದರ ಮಣಿಗಳು ಪುಡಿಯಾಗಿ, ಒತ್ತಿ, ಚಪ್ಪಟೆಯಾಗುತ್ತವೆ. ಹಾಗೆ ಒತ್ತಿದ್ದು ಮತ್ತೆ ಉಬ್ಬಿ ಬರುವುದಿಲ್ಲ. ಹೊರಚಿಪ್ಪಿನ ಕೆಲಸ ಬೇರೆ. ಒಂದೇ ಜಾಗಕ್ಕೆ ಬಿದ್ದ ಏಟನ್ನು ಅಗಲಕ್ಕೆ ಹರಡುವುದು, ಚೂಪಾದ ಕಲ್ಲು ಒಳಗೆ ನುಗ್ಗದಂತೆ ತಡೆಯುವುದು, ಡಾಂಬರಿನ ಮೇಲೆ ಸಿಕ್ಕಿಕೊಳ್ಳದೆ ಜಾರುವುದು.

ಅಂಗಡಿಯಲ್ಲಿ ಹೆಲ್ಮೆಟ್ ಮೇಲೆ ಗುದ್ದಿ "ನೋಡಿ ಸಾರ್, ಎಷ್ಟು ಗಟ್ಟಿ" ಅಂದರೆ ನಕ್ಕು ಸುಮ್ಮನಾಗಿ. ಒಳಗೆ ಕೈ ಹಾಕಿ, ಬಟ್ಟೆಯ ಪ್ಯಾಡ್ ಸರಿಸಿ, ಥರ್ಮೋಕೋಲ್ ಇದೆಯಾ, ಎಷ್ಟು ದಪ್ಪ ಇದೆ, ನೆತ್ತಿಯಿಂದ ಹಿಂದಲೆಯವರೆಗೆ ಇದೆಯಾ ನೋಡಿ. ರಸ್ತೆಬದಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಮಾರುವ ಟೋಪಿಗಳಲ್ಲಿ ಎಷ್ಟೋ ಸಲ ಅಲ್ಲಿ ಬರೀ ಸ್ಪಂಜು ಇರುತ್ತದೆ. ಅದನ್ನು ಬೆರಳಲ್ಲಿ ಒತ್ತಿದರೆ ಚಿಪ್ಪು ಸಿಗುತ್ತದೆ. ಬೆರಳಿಗೆ ಸಿಕ್ಕಿದ್ದು ತಲೆಗೂ ಸಿಗುತ್ತದೆ. ಕಟ್ಟಡದ ಕೆಲಸದ ಹಳದಿ ಟೋಪಿ ಹಾಕಿಕೊಂಡು ಗಾಡಿ ಓಡಿಸುವವರೂ ಇದ್ದಾರೆ. ಅದು ಮೇಲಿಂದ ಬೀಳುವ ಇಟ್ಟಿಗೆಗೆ ಮಾಡಿದ್ದು. ತಲೆಯೇ ಹೋಗಿ ಬೀಳುವುದಕ್ಕೆ ಅಲ್ಲ.

ಇಲ್ಲಿ ಒಂದು ಹಳೇ ಕಥೆ ಹೇಳಬೇಕು. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಟಿ. ಇ. ಲಾರೆನ್ಸ್, ಅಂದರೆ ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾದ ಬ್ರಿಟಿಷ್ ಸೇನಾಧಿಕಾರಿ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ದಿನಕ್ಕೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನುವ ನರಶಸ್ತ್ರಚಿಕಿತ್ಸಕರೂ ಒಬ್ಬರು. ಮುಂದೆ ಅವರು ಸೇನೆಯಲ್ಲಿ ಪತ್ರ, ಸಂದೇಶ ಹೊತ್ತು ಬೈಕಿನಲ್ಲಿ ಓಡಾಡುತ್ತಿದ್ದ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹೆಲ್ಮೆಟ್ ಜೀವ ಉಳಿಸುತ್ತದೆ ಅನ್ನುವ ಮಾತಿಗೆ ಆಸ್ಪತ್ರೆಯ ದಾಖಲೆಗಳ ಆಧಾರ ಸಿಕ್ಕಿದ್ದು ಆಗ. ಈಗಂತೂ ಆಧಾರ ಬೇಕಾದಷ್ಟಿದೆ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಅಪಘಾತಕ್ಕೆ ಸಿಕ್ಕ ಬೈಕ್ ಸವಾರರಲ್ಲಿ ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು 42%, ತಲೆಪೆಟ್ಟಿನ ಅಪಾಯ ಸುಮಾರು 69% ತಗ್ಗುತ್ತದೆ.

ಹಿಂದೆ ಅಂಟಿಸಿದ ಸ್ಟಿಕ್ಕರ್‌ಗಳು

ಭಾರತದಲ್ಲಿ ಟೂ ವೀಲರ್ ಹೆಲ್ಮೆಟ್‌ಗೆ ಇರುವ ಮಾನದಂಡ ಐಎಸ್ 4151. 2021ರ ಜೂನ್ 1ರಿಂದ ಐಎಸ್‌ಐ ಗುರುತು ಇಲ್ಲದ ಹೆಲ್ಮೆಟ್ ತಯಾರಿಸುವುದು, ಮಾರುವುದು ಎರಡೂ ಕಾನೂನು ಪ್ರಕಾರ ತಪ್ಪು. ಆದರೆ ಕಾನೂನು ಬೇರೆ, ಫುಟ್‌ಪಾತ್ ಬೇರೆ. ನಕಲಿ ಐಎಸ್‌ಐ ಸ್ಟಿಕ್ಕರ್ ಒಂದು ರೋಲ್ ಮುದ್ರಿಸಲು ಎಷ್ಟು ಹೊತ್ತು ಬೇಕು?

ಅಸಲಿ ಗುರುತಿನಲ್ಲಿ ಮೂರು ಭಾಗ ಇರುತ್ತವೆ. ಮೇಲೆ ಮಾನದಂಡದ ಸಂಖ್ಯೆ 4151, ನಡುವೆ ಐಎಸ್‌ಐ ಚಿಹ್ನೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ. ಕೆಳಗಿನ ಆ ಸಂಖ್ಯೆಯೇ ಮುಖ್ಯ. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆಪ್ ಇದೆ. ಅದರಲ್ಲಿ ಈ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾವ ಕಂಪನಿಯದು, ಯಾವ ವಸ್ತುವಿಗೆ, ಈಗಲೂ ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ಅಂಗಡಿಯಲ್ಲೇ ನಿಂತು ಮಾಡಬಹುದಾದ ಕೆಲಸ. ಹೆಲ್ಮೆಟ್ ಮೇಲೊಂದು ಹೆಸರು, ಆಪ್‌ನಲ್ಲಿ ಬೇರೊಂದು ಹೆಸರು ಬಂದರೆ ಅಲ್ಲಿಗೆ ಬಿಡಿ.

ಇನ್ನು ವಿದೇಶಿ ಗುರುತುಗಳು. ಇಸಿಇ ಅನ್ನುವುದು ಯುರೋಪಿನ ಕಡೆ ಶುರುವಾಗಿ ಈಗ ಹಲವು ದೇಶಗಳು ಒಪ್ಪಿರುವ ಮಾನದಂಡ. ಪಟ್ಟಿಗೆ ಹೊಲಿದ ಚಿಕ್ಕ ಬಟ್ಟೆ ಚೀಟಿಯಲ್ಲಿ ಒಂದು ವೃತ್ತ, ಅದರೊಳಗೆ ಇಂಗ್ಲಿಷ್ 'ಇ' ಅಕ್ಷರ, ಪಕ್ಕದಲ್ಲಿ ಪ್ರಮಾಣಪತ್ರ ಕೊಟ್ಟ ದೇಶದ ಸಂಖ್ಯೆ ಇರುತ್ತದೆ. 3 ಇಟಲಿ, 4 ನೆದರ್‌ಲ್ಯಾಂಡ್ಸ್, 9 ಸ್ಪೇನ್. ಕೆಳಗಿನ ಉದ್ದ ಸಂಖ್ಯೆ 05ರಿಂದ ಶುರುವಾದರೆ ಹಳೆಯ ಆವೃತ್ತಿ 22.05, 06 ಇದ್ದರೆ ಹೊಸದು 22.06. ಕೊನೆಗೆ 'ಪಿ' ಅಕ್ಷರ ಇದ್ದರೆ ಗಲ್ಲದ (ಗದ್ದದ) ಭಾಗವೂ ರಕ್ಷಣೆ ಕೊಡುತ್ತದೆ ಅಂತ ಪರೀಕ್ಷೆಯಾಗಿದೆ ಎಂದರ್ಥ. 'ಜೆ' ಇದ್ದರೆ ಗಲ್ಲಕ್ಕೆ ರಕ್ಷಣೆ ಇಲ್ಲ. ಮುಂಭಾಗ ಎತ್ತುವ ಮಾಡ್ಯುಲರ್ ಹೆಲ್ಮೆಟ್‌ಗಳಲ್ಲಿ ಎರಡೂ ಅಕ್ಷರ ಇದ್ದರೆ ಒಳ್ಳೆಯದು.

22.05 ಮತ್ತು 22.06ರ ನಡುವಿನ ವ್ಯತ್ಯಾಸ ಸುಮ್ನೆ ಕಾಗದದ್ದಲ್ಲ. ಹಳೆಯದರಲ್ಲಿ ಹೆಲ್ಮೆಟ್ ತೊಡಿಸಿದ ಲೋಹದ ತಲೆಯನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಉಕ್ಕಿನ ಮೇಲೆ ಬೀಳಿಸಿ, ಏಟು ಗುರುತ್ವದ 275 ಪಟ್ಟು ಮೀರಬಾರದು ಅಂತ ನೋಡುತ್ತಿದ್ದರು. ಹೊಸದರಲ್ಲಿ ಇದಕ್ಕಿಂತ ನಿಧಾನದ 6 ಮೀಟರ್, ಇದಕ್ಕಿಂತ ಜೋರಿನ 8.2 ಮೀಟರ್ ವೇಗದ ಏಟುಗಳೂ ಸೇರಿವೆ. ನಿಧಾನದ ಏಟು ಯಾಕೆ ಅಂದರೆ, ದೊಡ್ಡ ಏಟಿಗೆ ಮಾತ್ರ ಅಂತ ಥರ್ಮೋಕೋಲನ್ನು ವಿಪರೀತ ಗಟ್ಟಿ ಮಾಡಿದರೆ ಸಣ್ಣ ಏಟಿಗೆ ಅದು ಒತ್ತುವುದೇ ಇಲ್ಲ. ನಮ್ಮ ಊರುಗಳಲ್ಲಿ ನಾವು ಬೀಳುವುದು ಬಹುಪಾಲು ಆ ಸಣ್ಣ ಏಟುಗಳಲ್ಲೇ.

22.06ರ ಇನ್ನೊಂದು ಹೊಸತು ಓರೆ ಏಟಿನ ಪರೀಕ್ಷೆ. ರಸ್ತೆಗೆ ತಲೆ ನೇರವಾಗಿ ಬಡಿಯುವುದು ಅಪರೂಪ. ಮುಂದಕ್ಕೆ ಹೋಗುತ್ತಾ ಬಡಿಯುತ್ತದೆ. ಆಗ ಹೆಲ್ಮೆಟ್ ರಸ್ತೆಯನ್ನು ಕಚ್ಚಿ ಗಿರ್ರನೆ ತಿರುಗುತ್ತದೆ, ತಲೆಬುರುಡೆ ಅದರ ಜೊತೆ ತಿರುಗುತ್ತದೆ, ಒಳಗಿನ ಮೆದುಳು ಮಾತ್ರ ಒಂದು ಕ್ಷಣ ಹಿಂದೆ ಉಳಿಯುತ್ತದೆ. ಮೆದುಳಿನ ಎಳೆಗಳು ಹಿಂಜಿಹೋಗುವುದು ಹೀಗೆ. ಹೊಸ ಪರೀಕ್ಷೆ ಈ ತಿರುಗುವಿಕೆಯನ್ನೂ ಅಳೆಯುತ್ತದೆ. ಕೆಲವು ಹೆಲ್ಮೆಟ್‌ಗಳ ಒಳಗೆ ಕಾಣುವ ಹಳದಿ ಬಣ್ಣದ ತೆಳು ಹಾಳೆ, ಮಿಪ್ಸ್ ಅನ್ನುವುದು, ಸ್ವೀಡನ್‌ನಲ್ಲಿ ಹುಟ್ಟಿದ್ದು. ಚಿಪ್ಪು ತಿರುಗಿದರೂ ತಲೆ ಅಷ್ಟು ತಿರುಗದಂತೆ ಕೆಲವು ಮಿಲಿಮೀಟರ್ ಜಾರಲು ಬಿಡುವುದು ಅದರ ಉದ್ದೇಶ.

ಈ ವೇಗಗಳನ್ನು ಕಿಲೋಮೀಟರ್‌ಗೆ ತಿರುಗಿಸಿ ನೋಡಿದವರಿಗೆ ಒಂದು ಅನುಮಾನ ಬಂದೇ ಬರುತ್ತದೆ. 7.5 ಮೀಟರ್ ಅಂದರೆ ಗಂಟೆಗೆ 27 ಕಿ.ಮೀ. ತಾನೇ, ನಾನು 80ರಲ್ಲಿ ಹೋಗುವವನು, ಇದರಿಂದ ಏನು ಪ್ರಯೋಜನ? ಪ್ರಯೋಜನ ಇದೆ. ಬಿದ್ದಾಗ ನೆಲದ ಕಡೆಗೆ ತಲೆ ಹೋಗುವ ವೇಗ ಬೇರೆ, ರಸ್ತೆಯುದ್ದಕ್ಕೂ ಮುಂದೆ ಹೋಗುವ ವೇಗ ಬೇರೆ. 80ರಲ್ಲಿ ಬಿದ್ದರೂ ತಲೆ ನೆಲಕ್ಕೆ ಬಡಿಯುವ ವೇಗ ಎತ್ತರದ ಮೇಲೆ ನಿಂತಿದೆ, ಅಂದರೆ 20ರ ಆಸುಪಾಸು. ಉಳಿದ ವೇಗ ಜಾರಾಟದಲ್ಲಿ ಕಳೆಯುತ್ತದೆ. ಆದರೆ ನೇರ ಹೋಗಿ ಡಿವೈಡರ್‌ಗೋ ವಿದ್ಯುತ್ ಕಂಬಕ್ಕೋ ತಲೆ ಬಡಿದರೆ ಈ ಲೆಕ್ಕ ಮುರಿದುಬೀಳುತ್ತದೆ. ಅಷ್ಟು ವೇಗದ ಅಂಥ ಏಟನ್ನು ತಡೆಯುವ ಹೆಲ್ಮೆಟ್ ಯಾವ ಬೆಲೆಗೂ ಸಿಗುವುದಿಲ್ಲ.

ಡಾಟ್ ಅಂತ ಬರೆದ ಸ್ಟಿಕ್ಕರ್ ಬಗ್ಗೆ ಒಂದೇ ಮಾತು. ಅದು ಅಮೆರಿಕದ್ದು, ಅಲ್ಲಿ ತಯಾರಕರೇ ತಮ್ಮ ಹೆಲ್ಮೆಟ್ ನಿಯಮಕ್ಕೆ ಸರಿಯಿದೆ ಅಂತ ಘೋಷಿಸಿಕೊಳ್ಳುತ್ತಾರೆ. ಇಲ್ಲಿ ಅದೇ ಸ್ಟಿಕ್ಕರ್ ಬಿಡಿಯಾಗಿಯೂ ಸಿಗುತ್ತದೆ. ಅದಕ್ಕೆ ಮರುಳಾಗಬೇಡಿ.

ನನ್ನ ಲೆಕ್ಕ ಹೀಗೆ: ಸಾವಿರದಿಂದ ಎರಡು ಸಾವಿರ ರೂಪಾಯಿ ಬಜೆಟ್ ಇದ್ದರೆ ಅಸಲಿ ಐಎಸ್‌ಐ ಇರುವ, ಹೆಸರಿರುವ ಕಂಪನಿಯ, ಗಲ್ಲವನ್ನೂ ಮುಚ್ಚುವ ಫುಲ್ ಫೇಸ್ ತಗೊಳ್ಳಿ, ಮುಜುಗರ ಬೇಡ. ನಮ್ಮ ಬೆಳಗಾವಿಯ ವೇಗಾ ಸೇರಿದಂತೆ ಇದೇ ದೇಶದ ಕಂಪನಿಗಳೇ ಇವನ್ನು ಮಾಡುತ್ತವೆ. ಐದಾರು ಸಾವಿರ ಕೊಡುವ ಶಕ್ತಿ ಇದ್ದರೆ ಐಎಸ್‌ಐ ಜೊತೆ 22.06 ಇರುವುದನ್ನು ಹುಡುಕಿ. ಅದಕ್ಕಿಂತ ಮೇಲೆ ಹೋದರೆ ತೂಕ ಇಳಿಯುತ್ತದೆ, ಗಾಳಿಯಾಡುವುದು ಸುಧಾರಿಸುತ್ತದೆ, ಸದ್ದು ತಗ್ಗುತ್ತದೆ, ಕಾರ್ಬನ್ ಫೈಬರ್ ಮಿಂಚುತ್ತದೆ. ಆದರೆ ಬೆಲೆ ಮೂರು ಪಟ್ಟಾದಾಗ ರಕ್ಷಣೆ ಮೂರು ಪಟ್ಟು ಆಗುವುದಿಲ್ಲ.

ತಲೆಗೆ ಕೂರಬೇಕು

ಇಪ್ಪತ್ತು ಸಾವಿರದ ಹೆಲ್ಮೆಟ್ ಸಡಿಲವಾಗಿದ್ದರೆ, ಸರಿಯಾಗಿ ಕೂತ ಸಾವಿರದೈನೂರರ ಹೆಲ್ಮೆಟ್ ಅದಕ್ಕಿಂತ ಮೇಲು. ಹೆಚ್ಚಿನವರು ಎಡವುವುದು ಇಲ್ಲೇ. ಸುಲಭವಾಗಿ ತಲೆಗೆ ಇಳಿದರೆ ಸಾಕು, ಹಾಯಾಗಿದ್ದರೆ ಸರಿ ಅಂತ ಒಂದು ಸೈಜ್ ದೊಡ್ಡದು ತರುತ್ತಾರೆ.

ಟೈಲರ್ ಟೇಪ್ ತಗೊಂಡು ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿಯ ಮೇಲ್ಗಡೆಯಿಂದ, ಹಿಂದಲೆಯ ಉಬ್ಬಿದ ಭಾಗದ ಮೇಲೆ ಸುತ್ತಿ ಅಳೆಯಿರಿ. ಸಾಮಾನ್ಯವಾಗಿ 57–58 ಸೆಂ.ಮೀ. ಆದರೆ ಮೀಡಿಯಂ, 59–60 ಆದರೆ ಲಾರ್ಜ್. ಇಲ್ಲಿನ ಹೆಲ್ಮೆಟ್‌ಗಳ ಹಿಂದೆ 580 ಮಿ.ಮೀ. ಅಂತ ಬರೆದಿರುವುದು ಇದೇ ಅಳತೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಇರುವುದರಿಂದ ಸಂಖ್ಯೆ ನೋಡಿ ಆನ್‌ಲೈನ್‌ನಲ್ಲಿ ತರಿಸುವ ಮೊದಲು ಅದೇ ಮಾಡೆಲನ್ನು ಒಮ್ಮೆ ಎಲ್ಲಾದರೂ ತಲೆಗೆ ಹಾಕಿ ನೋಡುವುದು ವಾಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಒಂದು ಶನಿವಾರ ಅಡ್ಡಾಡಿದರೆ ಆಯಿತು.

ಹಾಕಿಕೊಳ್ಳುವಾಗ ಎರಡೂ ಪಟ್ಟಿಗಳನ್ನು ಹಿಡಿದು ಅಗಲಿಸಿ ಇಳಿಸಿ. ಹೊಸ ಹೆಲ್ಮೆಟ್ ಕಿವಿಯ ಹತ್ತಿರ ಸ್ವಲ್ಪ ಹಟ ಮಾಡಬೇಕು. ಒಳಗೆ ಹೋದ ಮೇಲೆ ಕೆನ್ನೆಗಳು ಒತ್ತಿ, ಬಾಯಿ ಮೀನಿನ ಬಾಯಿಯಂತೆ ಆಗಬೇಕು. ಮಾತಾಡುವಾಗ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುತ್ತದೆ. ನಾಚಿಕೊಳ್ಳಬೇಡಿ, ಕೆಲವು ವಾರಕ್ಕೆ ಪ್ಯಾಡ್ ಕೂತುಕೊಂಡು ಸರಿಯಾಗುತ್ತದೆ. ಈಗ ಗಲ್ಲದ ಭಾಗವನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಹೆಲ್ಮೆಟ್ ಜೊತೆ ಕೆನ್ನೆಯ ಚರ್ಮವೂ ಎಳೆದುಕೊಂಡು ಬರಬೇಕು. ಚರ್ಮ ಅಲ್ಲೇ ಇದ್ದು ಹೆಲ್ಮೆಟ್ ಮಾತ್ರ ತಿರುಗಿದರೆ ದೊಡ್ಡದಾಯಿತು.

ಮುಂದಿನದು ಬಹಳ ಜನ ಮಾಡದ ಪರೀಕ್ಷೆ. ಪಟ್ಟಿ ಬಿಗಿದು, ಒಂದು ಕೈಯನ್ನು ಹೆಲ್ಮೆಟ್‌ನ ಹಿಂದೆ ಕತ್ತಿನ ಹತ್ತಿರ ಇಟ್ಟು, ಕೆಳಗಿನ ಅಂಚನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಜೋರಾಗಿ ತಳ್ಳಿ. ಹೆಲ್ಮೆಟ್ ಹಣೆಯ ಮೇಲೆ ಉರುಳಿ ಕಳಚಿ ಬಂದರೆ, ಅಪಘಾತದಲ್ಲೂ ಕಳಚುತ್ತದೆ. ಅದನ್ನು ವಾಪಸ್ ಶೆಲ್ಫಿಗೆ ಇಡಿ.

ಸರಿಯಾಗಿ ಕೂತರೆ ಹಾಗೇ ಹತ್ತು ಹದಿನೈದು ನಿಮಿಷ ಅಂಗಡಿಯಲ್ಲೇ ಹಾಕಿಕೊಂಡಿರಿ. ಅಂಗಡಿಯವರು ಗುರಾಯಿಸಿದರೂ ಪರವಾಗಿಲ್ಲ. ಒಟ್ಟಾರೆ ಬಿಗಿ ಬೇರೆ, ಒಂದೇ ಜಾಗದ ಒತ್ತಡ ಬೇರೆ. ತೆಗೆದ ಮೇಲೆ ಹಣೆಯ ಮಧ್ಯದಲ್ಲಿ ಕೆಂಪು ಗುರುತು ಬಿದ್ದು ನೋಯುತ್ತಿದ್ದರೆ ನಿಮ್ಮ ತಲೆ ಉದ್ದ, ಹೆಲ್ಮೆಟ್ ಗುಂಡಗೆ. ಕಿವಿಯ ಮೇಲ್ಗಡೆ ಕಪಾಲದಲ್ಲಿ ಒತ್ತಿದರೆ ಅದರ ಉಲ್ಟಾ. ಸೈಜ್ ಬದಲಿಸಿ ಪ್ರಯೋಜನವಿಲ್ಲ, ಬೇರೆ ಕಂಪನಿಯದು ನೋಡಬೇಕು. ಕನ್ನಡಕ ಹಾಕುವವರು ಅದನ್ನು ಹಾಕಿಯೇ ನೋಡಿ. ಜಡೆ, ಗಂಟು ಕಟ್ಟುವವರು ದಿನಾ ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿಕೊಂಡು ಹೋಗಿ. ಎತ್ತರದ ಗಂಟು ಹೆಲ್ಮೆಟನ್ನು ಮೇಲೆತ್ತುತ್ತದೆ, ಕತ್ತಿನ ಹತ್ತಿರದ ಜಡೆ ಎತ್ತುವುದಿಲ್ಲ.

ಇಷ್ಟೆಲ್ಲ ಮಾಡಿ ಪಟ್ಟಿ ಹಾಕದೆ ಹೋಗುವವರ ಬಗ್ಗೆ ಏನು ಹೇಳುವುದು? ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಕೂಡ ಹೆಲ್ಮೆಟ್ ತಲೆಯ ಮೇಲಿದ್ದರೆ ಸಾಕು ಅನ್ನುವುದಿಲ್ಲ, ಪಟ್ಟಿಯಿಂದ ಬಿಗಿದಿರಬೇಕು ಅನ್ನುತ್ತದೆ. ಬಿಗಿದಾಗ ಪಟ್ಟಿ ಮತ್ತು ಗಲ್ಲದ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಇರಬಾರದು. ಎರಡು ಲೋಹದ ಬಳೆಗಳ ಡಬಲ್ ಡಿ ಪಟ್ಟಿ ಹಾಕುವುದು ಕಿರಿಕಿರಿ ಅನ್ನಿಸಿದರೂ ಪ್ರತಿ ಸಲ ತಾನಾಗಿ ಬಿಗಿಯಾಗುತ್ತದೆ. ಟಕ್ ಅಂತ ಕೂರುವ ಬಕಲ್ ಸುಲಭ, ಆದರೆ ಪಟ್ಟಿ ತಿಂಗಳುಗಳಲ್ಲಿ ನಿಧಾನಕ್ಕೆ ಸಡಿಲಾಗುತ್ತದೆ. ಆಗಾಗ ಎಳೆದು ನೋಡಬೇಕು.

ಫುಲ್ ಫೇಸ್ ಯಾಕೆ

ಜರ್ಮನಿಯ ಹ್ಯಾನೋವರ್‌ನಲ್ಲಿ ಅಪಘಾತಕ್ಕೆ ಸಿಕ್ಕ ಹೆಲ್ಮೆಟ್‌ಗಳ ಮೇಲೆ ಏಟು ಎಲ್ಲೆಲ್ಲಿ ಬಿದ್ದಿದೆ ಅಂತ ಗುರುತು ಹಾಕಿದಾಗ, ಸುಮಾರು ಮೂರರಲ್ಲಿ ಒಂದು ಭಾಗ ಗಲ್ಲ ಮತ್ತು ಮುಖದ ಕಡೆ ಇತ್ತು. ಹಾಫ್ ಹೆಲ್ಮೆಟ್‌ನಲ್ಲೂ ಮುಖ ತೆರೆದ ಓಪನ್ ಫೇಸ್‌ನಲ್ಲೂ ಆ ಜಾಗಕ್ಕೆ ಏನೂ ಇಲ್ಲ. ಹಾಫ್ ಹೆಲ್ಮೆಟ್‌ನಲ್ಲಂತೂ ಕಿವಿಯ ಪಕ್ಕಕ್ಕೂ, ಹಿಂದಲೆಗೂ ಇಲ್ಲ. ಓಪನ್ ಫೇಸ್ ಅಸಲಿ ಐಎಸ್‌ಐ ಆಗಿದ್ದು, ಗಲ್ಲಿಗಳಲ್ಲಿ ಮಾತ್ರ ಓಡಾಡುವವರಾದರೆ ನಾನು ಜಗಳಕ್ಕೆ ಬರುವುದಿಲ್ಲ. ಹೈವೇಗೆ ಅದು ಬೇಡ.

ಫುಲ್ ಫೇಸ್‌ನಲ್ಲಿ ಪಕ್ಕ ಕಾಣಿಸುವುದಿಲ್ಲ ಅನ್ನುವ ದೂರು ಬಹಳ ಹಳೆಯದು. ಮಾನದಂಡದ ಪ್ರಕಾರ ಕಣ್ಣಿನ ಕಿಂಡಿ ನೇರ ನೋಟದಿಂದ ಎರಡೂ ಕಡೆಗೆ 105 ಡಿಗ್ರಿ ತೆರೆದಿರಬೇಕು. ಅಂದರೆ ಭುಜದ ಸಾಲಿಗಿಂತ ಹಿಂದಕ್ಕೆ. ಸೆಕೆ ಆಗುತ್ತದೆ ಅನ್ನುವ ದೂರು ಮಾತ್ರ ನಿಜ. ಏಪ್ರಿಲ್ ತಿಂಗಳಲ್ಲಿ ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಫುಲ್ ಫೇಸ್ ಹಾಕಿ ಸಿಗ್ನಲ್‌ನಲ್ಲಿ ನಿಲ್ಲುವುದು ಸುಖವಲ್ಲ. ಗಾಳಿಕಿಂಡಿಗಳು ಕೆಲಸ ಮಾಡುತ್ತವೆಯೇ ಅಂತ ಖರೀದಿಗೆ ಮುಂಚೆಯೇ ನೋಡಿ. ಎಷ್ಟೋ ಅಗ್ಗದ ಹೆಲ್ಮೆಟ್‌ಗಳಲ್ಲಿ ಹೊರಗೆ ಕಿಂಡಿ ಇರುತ್ತದೆ, ಒಳಗೆ ಥರ್ಮೋಕೋಲ್‌ಗೆ ತೂತೇ ಇರುವುದಿಲ್ಲ! ಪ್ಯಾಡ್ ಬಿಚ್ಚಿ ಒಗೆಯುವಂತಿದ್ದರೆ ಅರ್ಧ ಸಮಸ್ಯೆ ಪರಿಹಾರ. ತಲೆಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಂಡರೆ ಎಣ್ಣೆ, ಬೆವರು ಒಳಗೆ ಇಳಿಯುವುದಿಲ್ಲ.

ವೈಸರ್ ಪಾರದರ್ಶಕದ್ದೇ ಇರಲಿ. ಕಪ್ಪು ವೈಸರ್ ಹಾಕಿಕೊಂಡು ರಾತ್ರಿ ದೀಪವಿಲ್ಲದ ರಸ್ತೆಯಲ್ಲಿ ಹಂಪ್ಸ್ ಹುಡುಕುವುದು ಯಾರಿಗೂ ಬೇಡ. ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ ಕಡೆ ಹೋಗುವವರಿಗೆ ವೈಸರ್ ಮಂಜಾಗುವುದೇ ದೊಡ್ಡ ತೊಂದರೆ. ಪಿನ್‌ಲಾಕ್ ಅನ್ನುವ ಒಳಪದರ ಹಾಕಲು ಜಾಗ ಇರುವ ವೈಸರ್ ಆದರೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ.

ಹೆಲ್ಮೆಟ್ ಬಣ್ಣಕ್ಕೂ ಒಂದು ಲೆಕ್ಕ ಇದೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪು ಹೆಲ್ಮೆಟ್‌ನವರಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್‌ನವರು ಗಾಯವಾಗುವ ಅಪಘಾತಕ್ಕೆ ಸಿಕ್ಕುವ ಅಪಾಯ 24% ಕಡಿಮೆ ಇತ್ತು. ಬೆಳಕಿಗೆ ಹೊಳೆಯುವ ಬಟ್ಟೆ ತೊಟ್ಟವರಿಗೆ 37% ಕಡಿಮೆ. ಮ್ಯಾಟ್ ಬ್ಲ್ಯಾಕ್ ಮೇಲಿನ ಪ್ರೀತಿ ನಮ್ಮ ಹುಡುಗರಿಗೆ ಸದ್ಯಕ್ಕೆ ಬಿಡುವಂತೆ ಕಾಣುವುದಿಲ್ಲ. ಕನಿಷ್ಠ ಹಿಂದೆ ಒಂದು ರಿಫ್ಲೆಕ್ಟರ್ ಪಟ್ಟಿ ಅಂಟಿಸಬಹುದು.

ಆಯಸ್ಸು? ಸಾಮಾನ್ಯವಾಗಿ ಐದು ವರ್ಷಕ್ಕೆ ಬದಲಿಸಿ ಅನ್ನುತ್ತಾರೆ. ಜೋರಾಗಿ ಬಿದ್ದು ಏಟು ತಿಂದ ಹೆಲ್ಮೆಟನ್ನು ಅಂದೇ ಬಿಡಬೇಕು. ಹೊರಗೆ ಒಂದು ಗೀರು ಮಾತ್ರ ಇದ್ದರೂ ಒಳಗಿನ ಥರ್ಮೋಕೋಲ್ ಒತ್ತಿಹೋಗಿರಬಹುದು. ಅದು ಇನ್ನೊಂದು ಸಲ ಅಲ್ಲಿ ಜಾಗ ಕೊಡುವುದಿಲ್ಲ. ಬೈಕಿನ ಕನ್ನಡಿಗೆ ನೇತುಹಾಕಿದರೆ ಕನ್ನಡಿಯ ತುದಿ ಅದೇ ಥರ್ಮೋಕೋಲನ್ನು ದಿನಾ ಸ್ವಲ್ಪ ಸ್ವಲ್ಪ ಒತ್ತುತ್ತದೆ. ಪೆಟ್ರೋಲ್ ಬಟ್ಟೆಯಿಂದ ಒರೆಸಬೇಡಿ, ಪೆಟ್ರೋಲ್‌ಗೆ ಥರ್ಮೋಕೋಲ್ ಕರಗುತ್ತದೆ. ಸೋಪಿನ ನೀರು ಸಾಕು. ಹಳೆಯ ಹೆಲ್ಮೆಟ್ ಅಂತ ಯಾರೋ ಅರ್ಧ ಬೆಲೆಗೆ ಕೊಟ್ಟರೆ ತಗೊಳ್ಳಬೇಡಿ, ಅದು ಎಲ್ಲೆಲ್ಲಿ ಬಿದ್ದಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ.

ತಲೆಯಿಂದ ಕೆಳಗೆ

ಮೈಗೆ ಎರಡು ಬಗೆಯ ಅಪಾಯ. ಒಂದು ಏಟು, ಇನ್ನೊಂದು ಉಜ್ಜುವುದು. 50 ಕಿ.ಮೀ. ವೇಗದಲ್ಲಿ ಬಿದ್ದವರು ನಿಲ್ಲುವ ಮೊದಲು ಹೆಚ್ಚುಕಡಿಮೆ ಎರಡು ಸೆಕೆಂಡ್, ಹದಿನೈದು ಮೀಟರ್ ಜಾರುತ್ತಾರೆ. ಮಾಮೂಲಿ ಜೀನ್ಸ್ ಡಾಂಬರಿನ ಮೇಲೆ ಒಂದು ಸೆಕೆಂಡ್ ತಡೆದರೆ ಪುಣ್ಯ. ಉಳಿದದ್ದು ಚರ್ಮದ ಪಾಲು. ಜಾಕೆಟ್‌ನ ಬಟ್ಟೆ ಉಜ್ಜುವುದನ್ನು ತಡೆಯುತ್ತದೆ, ಒಳಗೆ ಇಟ್ಟ ರಕ್ಷಣಾ ಪ್ಯಾಡ್, ಅಂದರೆ ಆರ್ಮರ್, ಏಟನ್ನು ತಡೆಯುತ್ತದೆ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಅರ್ಧ ಕೆಲಸ.

ಹೆಲ್ಮೆಟ್‌ಗಿರುವಂತೆ ಜಾಕೆಟ್‌ಗೆ ನಮ್ಮಲ್ಲಿ ಕಡ್ಡಾಯ ಐಎಸ್‌ಐ ಇಲ್ಲ. ಹಾಗಾಗಿ ಯುರೋಪಿನ ಗುರುತುಗಳನ್ನೇ ಓದಲು ಕಲಿಯಬೇಕು. ಇಡೀ ಉಡುಪಿಗೆ ಇಎನ್ 17092. ಅದರಲ್ಲಿ ಟ್ರಿಪಲ್ ಎ ಅತಿ ಗಟ್ಟಿ, ಡಬಲ್ ಎ ಮಧ್ಯಮ, ಒಂದೇ ಎ ಇದ್ದರೆ ಹಗುರ. ಆರ್ಮರ್‌ಗೆ ಇಎನ್ 1621. ಲೆವೆಲ್ 1, ಲೆವೆಲ್ 2 ಅಂತ ಎರಡು ದರ್ಜೆ. ಬೆನ್ನಿನ ಆರ್ಮರ್‌ನ ಪರೀಕ್ಷೆಯಲ್ಲಿ ಐದು ಕೆ.ಜಿ. ತೂಕವನ್ನು ಒಂದು ಮೀಟರ್ ಮೇಲಿಂದ ಬೀಳಿಸಿದಷ್ಟು ಏಟು ಕೊಡುತ್ತಾರೆ. ಲೆವೆಲ್ 1 ಆದರೆ ಒಳಗೆ ದಾಟುವ ಬಲ ಸರಾಸರಿ 18 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2 ಆದರೆ 9. ಅಂದರೆ ನೇರ ಅರ್ಧ.

ಈಗ ಅಂಗಡಿಯ ಜಾಕೆಟ್ ಕೈಗೆತ್ತಿಕೊಳ್ಳಿ. ಭುಜ, ಮೊಣಕೈ ಜೇಬಿನಿಂದ ಆರ್ಮರ್ ಹೊರಗೆ ಎಳೆದು ನೋಡಿ. ಅದರ ಮೇಲೆ ಬೈಕ್ ಸವಾರನ ಚಿಕ್ಕ ಚಿತ್ರ, 1621, ಲೆವೆಲ್ ಸಂಖ್ಯೆ ಅಚ್ಚಾಗಿರುತ್ತದೆ. ಆಮೇಲೆ ಬೆನ್ನಿನ ಜೇಬಿಗೆ ಕೈ ಹಾಕಿ. ಬಹಳಷ್ಟು ಜಾಕೆಟ್‌ಗಳಲ್ಲಿ ಅಲ್ಲಿ ಇರುವುದು ಯಾವ ಅಚ್ಚೂ ಇಲ್ಲದ ತೆಳು ಫೋಮ್. ಸಿಇ (ಯುರೋಪಿನ ಗುರುತು) ಆರ್ಮರ್ ಇದೆ ಅಂತ ಜಾಹೀರಾತಿನಲ್ಲಿ ಬರೆದದ್ದು ಸುಳ್ಳಲ್ಲ, ಭುಜಕ್ಕೆ ಮೊಣಕೈಗೆ ಇದೆ. ಬೆನ್ನಿಗೆ ಇಲ್ಲ! ಜಾಕೆಟ್ ದರಕ್ಕೆ ಬೆನ್ನಿನ ಲೆವೆಲ್ 2 ಆರ್ಮರ್ ದರವನ್ನೂ ಸೇರಿಸಿಕೊಂಡೇ ಬಜೆಟ್ ಹಾಕಿ. ಹಾಕಿಕೊಂಡ ಮೇಲೆ ಹ್ಯಾಂಡಲ್ ಹಿಡಿದಂತೆ ಕೈ ಚಾಚಿ, ಮೊಣಕೈ ಆರ್ಮರನ್ನು ಪಕ್ಕಕ್ಕೆ ತಳ್ಳಿ. ಎಲುಬಿನ ಮೇಲಿಂದ ಸರಿದು ಹೋದರೆ ಬಿದ್ದಾಗಲೂ ಸರಿಯುತ್ತದೆ. ಜಾಕೆಟ್ ಬಿಗಿಯಾಗಿರಬೇಕು ಅನ್ನುವುದು ಸ್ಟೈಲಿಗಲ್ಲ.

ಚರ್ಮವೋ ಬಟ್ಟೆಯೋ? ಉಜ್ಜುವುದನ್ನು ತಡೆಯುವುದರಲ್ಲಿ ದಪ್ಪ ಹಸುವಿನ ಚರ್ಮದ ಜಾಕೆಟನ್ನು ಮೀರಿಸುವುದು ಕಷ್ಟ. ಆದರೆ ನಮ್ಮ ಹವೆಗೆ ಅದನ್ನು ದಿನಾ ಹಾಕುವವರು ಯಾರು? ಮನೆಯ ಮೊಳೆಗೆ ನೇತುಬಿದ್ದ ಟ್ರಿಪಲ್ ಎ ಜಾಕೆಟ್‌ಗಿಂತ ಮೈಮೇಲಿರುವ ಎ ದರ್ಜೆಯ ಮೆಶ್ ಜಾಕೆಟ್ ಒಳ್ಳೆಯದು. ಭುಜ, ಮೊಣಕೈಗೆ ಗಟ್ಟಿ ಬಟ್ಟೆ, ಎದೆ ಬೆನ್ನಿಗೆ ಗಾಳಿಯಾಡುವ ಜಾಲರಿ ಇರುವುದನ್ನು ನೋಡಿ. ರಾಯಚೂರು, ಬಳ್ಳಾರಿ ಕಡೆಯ 40 ಡಿಗ್ರಿ ಬಿಸಿಲಲ್ಲಿ ಗಾಳಿಯೇ ಮೈಗಿಂತ ಬಿಸಿ, ಜಾಲರಿ ಒಂದೇ ಸಾಲದು. ಒಳಗಿನ ಟೀ ಶರ್ಟ್ ನೀರಲ್ಲಿ ಅದ್ದಿ ಹಿಂಡಿ ಹಾಕಿಕೊಂಡರೆ ಅದು ಆರುವವರೆಗೆ ತಂಪು. ಮಳೆಗೆ ಜಾಕೆಟ್ ಒಳಗೆ ಹಾಕುವ ಪದರಕ್ಕಿಂತ ಮೇಲೆ ಹಾಕುವ ರೇನ್‌ಕೋಟ್ ಮೇಲು. ಒಳಪದರ ಹಾಕಿದರೆ ಹೊರಗಿನ ಬಟ್ಟೆಯೆಲ್ಲ ನೀರು ಕುಡಿದು ಭಾರವಾಗುತ್ತದೆ, ಮರುದಿನವೂ ಒಣಗಿರುವುದಿಲ್ಲ.

ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಯಾವುದು ಮೊದಲು? ಹೆಲ್ಮೆಟ್ ಆದ ಮೇಲೆ ನಾನು ಜಾಕೆಟ್ ಅನ್ನುವುದಿಲ್ಲ, ಗ್ಲೌಸ್ ಅನ್ನುತ್ತೇನೆ. ಬೀಳುವಾಗ ಯಾರ ಮಾತೂ ಕೇಳದೆ ಕೈ ಮುಂದೆ ಹೋಗುತ್ತದೆ. ಅಂಗೈ ಚರ್ಮ ಹೋದರೆ ಊಟಕ್ಕೂ, ಸ್ನಾನಕ್ಕೂ ಇನ್ನೊಬ್ಬರು ಬೇಕು. ಅಂಗೈ ಬುಡದಲ್ಲಿ ಜಾರುವ ಗಟ್ಟಿ ಪ್ಲಾಸ್ಟಿಕ್ ತುಂಡು ಇರುವ, ಮಣಿಕಟ್ಟಿಗೆ ಪಟ್ಟಿ ಇರುವ ಗ್ಲೌಸ್ ತಗೊಳ್ಳಿ. ಆ ತುಂಡು ಇದ್ದರೆ ಕೈ ಡಾಂಬರಿಗೆ ಕಚ್ಚದೆ ಜಾರುತ್ತದೆ, ಮಣಿಕಟ್ಟಿನ ಎಲುಬು ಮುರಿಯುವ ಸಾಧ್ಯತೆ ತಗ್ಗುತ್ತದೆ. ಆಮೇಲೆ ಶೂ. ಕಣಕಾಲು ಮುಚ್ಚುವ, ಅಡಿ ಗಟ್ಟಿಯಿರುವ ಯಾವುದೇ ಶೂ ಹವಾಯಿ ಚಪ್ಪಲಿಗಿಂತ ನೂರು ಪಾಲು ಮೇಲು. ಲೇಸ್ ಒಳಗೆ ಸಿಕ್ಕಿಸಿಡಿ, ಗೇರ್ ಲಿವರ್‌ಗೆ ಸುತ್ತಿಕೊಂಡರೆ ಸಿಗ್ನಲ್‌ನಲ್ಲಿ ಕಾಲು ಊರಲು ಆಗುವುದಿಲ್ಲ. ಜಾಕೆಟ್ ಮೂರನೆಯದು. ಪ್ಯಾಂಟ್ ಒಳಗೆ ಹಾಕುವ ಮೊಣಕಾಲು ಗಾರ್ಡ್ ನಾಲ್ಕನೆಯದು. ಏರ್‌ಬ್ಯಾಗ್ ಜಾಕೆಟ್‌ಗಳೂ ಬಂದಿವೆ, ಇವೆಲ್ಲ ಆದ ಮೇಲೆ ಯೋಚಿಸಿ.

ಹಿಂದೆ ಕೂತವರು

2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ 14,337 ಜನ ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಆದರೂ ಮನೆಯಲ್ಲಿ ಇರುವ ಎರಡನೇ ಹೆಲ್ಮೆಟ್ ಯಾವತ್ತೂ ಹಳೆಯದು, ದೊಡ್ಡದು, ಬಕಲ್ ಮುರಿದದ್ದು. ಹಿಂದೆ ಕೂತವರ ಕೈಯಲ್ಲಿ ಬ್ರೇಕೂ ಇಲ್ಲ, ಹ್ಯಾಂಡಲೂ ಇಲ್ಲ. ಗುಂಡಿ ಬರುವುದು ಅವರಿಗೆ ಕಾಣುವುದೂ ಇಲ್ಲ. ಒಂದು ಪಕ್ಕಕ್ಕೆ ಕಾಲು ಹಾಕಿ ಕೂತ ಸೀರೆಯುಟ್ಟವರು ಎಷ್ಟು ಸುಲಭವಾಗಿ ಜಾರಿ ಬೀಳಬಹುದು ನೋಡಿ. ಅವರ ತಲೆಯ ಅಳತೆ ತಗೊಂಡು ಅವರದ್ದೇ ಹೆಲ್ಮೆಟ್ ತನ್ನಿ. ಸೀರೆ ಗಾರ್ಡ್ ಕಳಚಿ ಬೈಕಿಗೆ ಲುಕ್ ಬಂತು ಅನ್ನುವವರು, ಹಿಂದಿನ ಚಕ್ರದ ಅರ್ಧ ಭಾಗ ಮುಚ್ಚಿರಬೇಕು ಅನ್ನುವುದು ಮೋಟಾರು ವಾಹನ ನಿಯಮದಲ್ಲೇ ಇದೆ ಅಂತ ತಿಳಿದಿರಲಿ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಹೆಲ್ಮೆಟ್ ಏನು ಮಾಡೀತು?

ಮಕ್ಕಳ ವಿಷಯದಲ್ಲಿ 2023ರ ಫೆಬ್ರವರಿ 15ರಿಂದ ನಿಯಮ ಬಂದಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅದರ ಅಳತೆಯ ಹೆಲ್ಮೆಟ್ ಬೇಕು, ಮಗುವನ್ನು ಸವಾರರಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ವೇಗ 40 ಕಿ.ಮೀ. ಮೀರಬಾರದು. ದೊಡ್ಡವರ ಹೆಲ್ಮೆಟನ್ನು ಮಗುವಿನ ತಲೆಗೆ ಹಾಕುವುದು ಕೆಟ್ಟ ಉಪಾಯ. ಅದು ತಿರುಗಿ ಕಣ್ಣು ಮುಚ್ಚುತ್ತದೆ, ಆ ತೂಕವನ್ನು ಎಳೆಯ ಕತ್ತು ಹೊರಬೇಕು.

ಕೊನೆಗೆ, ರಸ್ತೆಯಲ್ಲಿ ಬೇರೆ ಯಾರೋ ಬಿದ್ದಿರುವುದು ಕಂಡಾಗಿನ ಮಾತು. ನಮ್ಮ ಜನ ಸಹಾಯಕ್ಕೆ ಓಡಿ ಬರುತ್ತಾರೆ, ಬಂದವರು ಮಾಡುವ ಮೊದಲ ಕೆಲಸ ಹೆಲ್ಮೆಟ್ ಹಿಡಿದು ಎಳೆಯುವುದು. ಕತ್ತಿನ ಎಲುಬಿಗೆ ಪೆಟ್ಟಾಗಿದ್ದರೆ ಆ ಒಂದು ಎಳೆತಕ್ಕೆ ಕೈಕಾಲಿನ ಶಕ್ತಿಯೇ ಹೋಗಬಹುದು. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ಹಾಗೇ ಇರಲಿ. ವೈಸರ್ ಮಾತ್ರ ಎತ್ತಿ, ತಲೆ ಅಲುಗದಂತೆ ಎರಡು ಕಡೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿಸಿ. ಉಸಿರು ಕಟ್ಟುತ್ತಿದ್ದರೆ, ವಾಂತಿ, ರಕ್ತ ಗಂಟಲಿಗೆ ಹೋಗುತ್ತಿದ್ದರೆ ಮಾತ್ರ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಮೊದಲು ಪಟ್ಟಿ ಬಿಚ್ಚಿ ಅಥವಾ ಕತ್ತರಿಸಿ. ಒಬ್ಬರು ಕೆಳಗಿನಿಂದ ಗಲ್ಲ ಮತ್ತು ಕತ್ತಿನ ಹಿಂಭಾಗವನ್ನು ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಹೆಲ್ಮೆಟನ್ನು ಅಗಲಿಸಿ ನಿಧಾನಕ್ಕೆ ನೇರ ಎಳೆಯಲಿ. ಕೆಲವು ಹೆಲ್ಮೆಟ್‌ಗಳ ಕೆಳಗೆ ಕೆಂಪು ಬಣ್ಣದ ಚಿಕ್ಕ ಪಟ್ಟಿ ಇರುತ್ತದೆ. ಅದನ್ನು ಎಳೆದರೆ ಕೆನ್ನೆಯ ಪ್ಯಾಡ್ ಹೊರಗೆ ಬಂದು ಹೆಲ್ಮೆಟ್ ಸಲೀಸಾಗಿ ಬಿಡುತ್ತದೆ. ಸಹಾಯ ಮಾಡಿದವರಿಗೆ ಪೊಲೀಸ್ ಕೇಸಿನ ಭಯ ಬೇಡ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಸೆಕ್ಷನ್ ಅವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕು ಅಂತಲೂ ಇಲ್ಲ.